ಎಡಗೈಗೆ ಹಗುರಾದ ಕೀಬೋರ್ಡ್

ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್ ಕೆಲಸದಿಂದ ನಾನು ನಿವೃತ್ತಳಾಗಿ ಆಗ ಮೂರನೆಯ ವರ್ಷ. ಹಳೆಯ ಕಂಪ್ಯೂಟರುಗಳನ್ನು ತಂದು ಜೆ.ಪಿ. ನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ರಿಪೇರಿ ಮಾಡುವುದು ನನ್ನ ಹವ್ಯಾಸವಾಗಿತ್ತು. ಇಂಥ ಯಂತ್ರಗಳಲ್ಲಿ ಒಳಗಿನ ಬ್ಯಾಟರಿ ಸೋರಿ ಸರ್ಕ್ಯೂಟ್ ಬೋರ್ಡನ್ನೇ ತಿಂದುಹಾಕಿರುತ್ತದೆ. ಅದನ್ನು ಉಜ್ಜಿ ತೊಳೆದು, ಕಡಿದುಹೋದ ಕಡೆ ಬೆಸುಗೆ ಹಾಕಿ, ಮತ್ತೆ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಆಗುವ ಸುಖವೇ ಬೇರೆ. ಯಂತ್ರ ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಉಳಿಯಬೇಕು, ಒಂದು ಸ್ಕ್ರೂ ಕೂಡ ಬದಲಾಗಬಾರದು ಎಂಬುದು ಈ ಹವ್ಯಾಸದವರ ನಿಯಮ. ನಾನೂ ಅದನ್ನು ಬಲವಾಗಿ ನಂಬಿದ್ದೆ.

ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾಗುತ್ತಿದ್ದ ಸೀತಾರಾಮ್ ಒಂದು ದಿನ ತಮ್ಮ ಪತ್ನಿ ವಿಮಲಾ ಅವರ ವಿಷಯ ತೆಗೆದರು. ಬ್ಯಾಂಕಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ವಿಮಲಾ, ತಿಲಕ್ ನಗರದಲ್ಲಿ ಮನೆಗೆಲಸದ ಹೆಂಗಸರಿಗೆ ಭಾನುವಾರ ನಡೆಯುವ ಕನ್ನಡ ಓದುವ ತರಗತಿಗೆ ಪಾಠಗಳನ್ನು ತಾವೇ ರಚಿಸಿ, ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕೊಡುತ್ತಿದ್ದರು. ಪಾರ್ಶ್ವವಾಯು ಆದ ಮೇಲೆ ಅದು ನಿಂತುಹೋಗಿತ್ತು. ಎಡಗೈಗೆ ಚಲನೆ ಮರಳಿದ್ದರೂ ಬೆರಳ ತುದಿಗೆ ಸ್ಪರ್ಶ ಮರಳಿರಲಿಲ್ಲ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳ ಮೇಲೆ ಬೆರಳಿಟ್ಟರೆ ಒತ್ತಿದೆನೋ ಇಲ್ಲವೋ ಎಂದೇ ಅವರಿಗೆ ತಿಳಿಯುತ್ತಿರಲಿಲ್ಲ.

“ಮೊಬೈಲಿಗೆ ಹೇಳಿದ್ರೆ ಅದೇ ಬರ್ಕೊಳ್ಳುತ್ತೆ ಕಣೆ ಅಂದೆ. ನಂಗೆ ಪಾಠ ಹೊಳೆಯೋದು ಬೆರಳಲ್ಲಿ, ಬಾಯಲ್ಲಲ್ಲ ಅಂದ್ಲು. ಆಮೇಲೆ ಆ ಮಾತು ಎತ್ತೋ ಹಾಗೇ ಇಲ್ಲ,” ಎಂದರು ಸೀತಾರಾಮ್.

ಅವರನ್ನು ಕರೆದುಕೊಂಡು ಬನ್ನಿ ಎಂದೆ. ಮಹಡಿ ಹತ್ತಲು ವಿಮಲಾ ಅವರಿಗೆ ಬಹಳ ಹೊತ್ತು ಹಿಡಿಯಿತು. ಕಿಟಕಿಯ ಪಕ್ಕದ ಮೇಜಿನ ಮೇಲೆ ನನ್ನ ಅಚ್ಚುಮೆಚ್ಚಿನ ಯಂತ್ರವಿತ್ತು. ಅದರ ಕೀಬೋರ್ಡಿನಲ್ಲಿ ಒಂದೊಂದು ಕೀ ಕೆಳಗೂ ಪ್ರತ್ಯೇಕ ಸ್ವಿಚ್, ಸ್ವಿಚ್ಚಿನೊಳಗೆ ಒಂದು ಸ್ಪ್ರಿಂಗ್. ಒತ್ತಿದಾಗಲೆಲ್ಲ ಟಕ್ ಎನ್ನುವ ಸದ್ದು. ವಿಮಲಾ ಎಡಗೈ ಬೆರಳಿಂದ ಒಂದು ಕೀ ಒತ್ತಿದರು. ಮತ್ತೊಮ್ಮೆ ಒತ್ತಿದರು.

“ಒತ್ತಿದ್ದು ಗೊತ್ತಾಗ್ತಿದೆ ಶೈಲಾ. ಬೆರಳಿಗಲ್ಲ, ಮೊಣಕೈಗೆ ಗೊತ್ತಾಗ್ತಿದೆ. ಕಿವಿಗೂ,” ಎಂದರು.

ಹನುಮಂತನಗರದ ಟೈಪಿಂಗ್ ಇನ್‌ಸ್ಟಿಟ್ಯೂಟೊಂದು ಮುಚ್ಚಿದಾಗ ಆ ಕಂಪ್ಯೂಟರಿನ ಜೊತೆಗೆ ಅದೇ ಮಾದರಿಯ ಇನ್ನೊಂದು ಕೀಬೋರ್ಡೂ ನನಗೆ ಸಿಕ್ಕಿತ್ತು. ಧೂಳು, ಕಾಫಿಯ ಕಲೆ, ತುಕ್ಕು ಹಿಡಿದ ತಗಡು. ಅದನ್ನು ಬಿಚ್ಚಿದೆ. ಕೀಗಳನ್ನು ಸೋಪಿನ ನೀರಲ್ಲಿ ನೆನೆಸಿ, ಬಟ್ಟೆ ಹಾಸಿ ಒಣಗಿಸಿದೆ. ತಗಡಿನ ತುಕ್ಕು ಉಜ್ಜಿ ಬಣ್ಣ ಹಚ್ಚಿದೆ. ಹಳೆಯ ಕಾಲದ ದುಂಡು ಪ್ಲಗ್ ಇಂದಿನ ಕಂಪ್ಯೂಟರಿಗೆ ಹೊಂದದ್ದರಿಂದ ನಡುವೆ ಒಂದು ಕನ್ವರ್ಟರ್ ಹಾಕಿದೆ. ಎಲ್ಲ ಕೀಗಳೂ ಕೆಲಸ ಮಾಡಿದವು. ಹೆಮ್ಮೆಯಿಂದಲೇ ಅವರ ಮನೆಗೆ ಒಯ್ದೆ.

ವಿಮಲಾ ನಾಲ್ಕು ಸಾಲು ಟೈಪ್ ಮಾಡಿದರು. ಐದನೆಯದಕ್ಕೆ ಎಡಗೈ ನಡುಗತೊಡಗಿತು. ಆ ಸ್ಪ್ರಿಂಗುಗಳು ಆರೋಗ್ಯವಂತ ಬೆರಳುಗಳಿಗಾಗಿ ಮಾಡಿದವು. ಅವರ ಕಿರುಬೆರಳಿಗೆ ಅಷ್ಟು ಬಲವಿರಲಿಲ್ಲ. ಅವರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಸಾಕು ಬಿಡಿ. ನೀವು ಇಷ್ಟು ಮಾಡಿದ್ದೇ ಹೆಚ್ಚು,” ಎಂದರು. ಸೀತಾರಾಮ್ ಕಾಫಿ ತರುವ ನೆಪದಲ್ಲಿ ಒಳಗೆ ಹೋದರು.

ಮನೆಗೆ ಬಂದರೂ ಆ ಮಡಿಲಲ್ಲಿಟ್ಟ ಕೈ ಕಣ್ಣೆದುರೇ ಇತ್ತು. ಎಡಗೈ ಕಡೆಯ ಸ್ವಿಚ್ಚುಗಳಿಗೆ ಹಗುರವಾದ ಸ್ಪ್ರಿಂಗ್ ಹಾಕಬಹುದಿತ್ತು. ಬಿ.ಟಿ.ಎಂ. ಲೇಔಟಿನಲ್ಲಿ ಇದೇ ಹವ್ಯಾಸದ ಗೆಳೆಯರೊಬ್ಬರು ಅಂಥವನ್ನು ಕೊಟ್ಟರು. ಬೆಸುಗೆ ಕರಗಿಸಿ ಒಂದೊಂದೇ ಸ್ವಿಚ್ ಹೊರತೆಗೆದು, ಮುಚ್ಚಳ ಬಿಡಿಸಿ, ಸ್ಪ್ರಿಂಗ್ ಬದಲಿಸುತ್ತ ಹೋದೆ. ಹಳೆಯ ಪ್ಲಾಸ್ಟಿಕ್ ಹಪ್ಪಳದಂತಾಗಿತ್ತು. ಎಷ್ಟು ಜೋಪಾನ ಮಾಡಿದರೂ ಮೂರು ಸ್ವಿಚ್ಚುಗಳಲ್ಲಿ ಮುಚ್ಚಳ ಹಿಡಿಯುವ ಕೊಕ್ಕೆಗಳು ಮುರಿದವು. ಆ ಮಾದರಿಯ ಸ್ವಿಚ್ ಈಗ ಎಲ್ಲೂ ತಯಾರಾಗುವುದಿಲ್ಲ. ಎಲ್ಲ ಕಡೆ ವಿಚಾರಿಸಿದೆ, ಸಿಗಲಿಲ್ಲ. ಉಳಿದಿದ್ದು ಒಂದೇ ಕಡೆ: ಕಿಟಕಿಯ ಪಕ್ಕದ, ಒಂದು ಸ್ಕ್ರೂ ಕೂಡ ಬದಲಾಗದ ನನ್ನ ಯಂತ್ರದಲ್ಲಿ.

ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅದರ ಕೀಬೋರ್ಡ್ ಮಗುಚಿ, ಮೇಲಿನ ಸಾಲಿನ ಮೂರು ಸ್ವಿಚ್ಚುಗಳನ್ನು ಕಿತ್ತೆ. ತುಂಬ ನೋವಾಗುತ್ತದೆ ಎಂದುಕೊಂಡಿದ್ದೆ. ಆದರೆ ಕೆಲಸ ಮುಗಿದಾಗ ಚೆನ್ನಾಗಿ ಹಸಿವಾಗಿತ್ತು, ಅಷ್ಟೇ.

ಆ ಮೂರನ್ನೂ ಜೋಡಿಸಿದ ಕೀಬೋರ್ಡನ್ನು ಮತ್ತೆ ಅವರ ಮನೆಗೆ ಒಯ್ದೆ. ಈ ಸಲ ವಿಮಲಾ ಕೂತವರೇ ಶುರುಮಾಡಿದರು. ತಪ್ಪುಗಳಾದವು, ಅಳಿಸಿದರು, ಮತ್ತೆ ಹೊಡೆದರು. ಕೈ ನಡುಗುತ್ತದೇನೋ ಎಂದು ನಾನು, ಸೀತಾರಾಮ್ ಇಬ್ಬರೂ ನೋಡುತ್ತ ನಿಂತಿದ್ದೆವು.

“ನೀವಿಬ್ರೂ ಹೀಗೆ ನಿಂತ್ರೆ ನಂಗೆ ಏನೂ ಹೊಳೆಯಲ್ಲ. ಹೋಗಿ ಕಾಫಿ ಕುಡೀರಿ,” ಎಂದರು.

ಕಾಫಿ ಕುಡಿಯುತ್ತ ಕೂತೆವು. ಪಕ್ಕದ ಕೋಣೆಯಿಂದ ಟಕಟಕ ಕೇಳುತ್ತಲೇ ಇತ್ತು. ಅಂದು ತಯಾರಾದದ್ದು ಬಸ್ಸಿನ ಬೋರ್ಡುಗಳನ್ನು ಓದುವ ಪಾಠ. ಆ ಭಾನುವಾರ ವಿಮಲಾ ಅವರ ಜೊತೆ ನಾನೂ ತಿಲಕ್ ನಗರದ ತರಗತಿಗೆ ಹೋಗಿದ್ದೆ. ಮುಂದಿನ ಸಾಲಿನಲ್ಲಿದ್ದ ಲಕ್ಷ್ಮಮ್ಮ ಎಂಬಾಕೆ ಹಾಳೆಯ ಮೇಲೆ ಬೆರಳಾಡಿಸುತ್ತ “ಸುದ್ದಗುಂಟೆಪಾಳ್ಯ” ಎಂದು ಒತ್ತಕ್ಷರವನ್ನೂ ಬಿಡದೆ ಓದಿದರು. ನಂತರ ತಲೆಯೆತ್ತಿ, “ಮೇಡಂ, ಇದು ನಮ್ಮ ಏರಿಯಾ,” ಎಂದರು. ವಿಮಲಾ ಅವರ ಮುಖವನ್ನು ಆಗ ನೋಡಬೇಕಿತ್ತು.

ಸರ್ವಿಸ್‌ನಲ್ಲಿದ್ದಷ್ಟು ಕಾಲ ಫೋನ್ ಬಂದರೆ ನನ್ನ ಮೊದಲ ಪ್ರಶ್ನೆ, ಯಂತ್ರಕ್ಕೆ ಏನಾಗಿದೆ ಎಂಬುದು. ಈಗ ಯಾರಾದರೂ ಹಳೆಯ ಯಂತ್ರ ತಂದರೆ, ಇದರ ಮುಂದೆ ಯಾರು ಕೂರುತ್ತಾರೆ ಎಂದು ಮೊದಲು ಕೇಳುತ್ತೇನೆ. ಉತ್ತರ ಸಿಕ್ಕ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತೇನೆ.