ಸರೋಜಮ್ಮ ಮೇಡಂ ತೋರಿಸಿದ ಒಂದೊಂದು ಸಾಲು

ಸರೋಜಮ್ಮ ಮೇಡಂ ಕಣ್ಣು ಮುಚ್ಚಿಕೊಂಡೇ ಪ್ರೋಗ್ರಾಂ ಬರೆಯುತ್ತಿದ್ದರು. ಚಿಂತಾಮಣಿಯ ಸಣ್ಣ ಎಲೆಕ್ಟ್ರಾನಿಕ್ಸ್ ತರಬೇತಿ ಕೇಂದ್ರದಲ್ಲಿ ಅವರು ನಮಗೆ ಚಿಪ್‌ಗಳ ಪಾಠ ಹೇಳುತ್ತಿದ್ದರು. ತುಟಿ ಅಲುಗುತ್ತಿತ್ತು, ಪೆನ್ಸಿಲ್ ತಾನಾಗಿ ಅಂಕಿಗಳನ್ನು ಬರೆಯುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಕೇಂದ್ರಕ್ಕೆ ಒಂದು ಕಂಪ್ಯೂಟರ್ ಬಂತು. ಬರೆಯುವುದು, ಚಿಪ್‌ನ ಭಾಷೆಗೆ ತಿರುಗಿಸುವುದು, ನಡೆಸಿ ನೋಡುವುದು ಎಲ್ಲ ಒಂದೇ ಪರದೆಯಲ್ಲಿ. ಒಂದು ಕೀಲಿ ಒತ್ತಿದರೆ ಪ್ರೋಗ್ರಾಂ ಒಂದು ಸಾಲು ಮುಂದೆ ಹೋಗಿ ನಿಲ್ಲುತ್ತಿತ್ತು; ಪಕ್ಕದಲ್ಲಿ ಚಿಪ್‌ನೊಳಗಿನ ಅಂಕಿ ಬದಲಾಗುತ್ತಿತ್ತು. ಮೊದಲ ದಿನ ಮೇಡಂ ಪಾಠ ಮರೆತು ಆ ಕೀಲಿ ಒತ್ತುತ್ತಲೇ ಕೂತರು.

"ಒಳಗೆ ಏನ್ ನಡೀತದೆ ಅಂತ ಬರೀ ಊಹೆ ಮಾಡ್ಕೊಂಡೇ ಇದ್ದೆ ಕಣಮ್ಮ. ಈಗ ಕಾಣಿಸ್ತಾ ಐತೆ," ಎಂದರು.

ಆ ಬೇಸಿಗೆ ಸಾದಲಿಯ ಮುನಿವೆಂಕಟಮ್ಮನವರ ರೇಷ್ಮೆಹುಳು ಮನೆಗೆ ನಾವೊಂದು ಸಣ್ಣ ಯಂತ್ರ ಮಾಡಿದೆವು. ಶಾಖ ಇಪ್ಪತ್ತೆಂಟು ಡಿಗ್ರಿ ದಾಟಿದರೆ ಅದು ಕೂಗಬೇಕು. ಪ್ರೋಗ್ರಾಂ ನಾನೇ ಬರೆದೆ. 'ತಪ್ಪುಗಳು ಸೊನ್ನೆ' ಎಂದು ಪರದೆ ತೋರಿಸಿತು.

"ಒಂದೊಂದು ಸಾಲೂ ನಡೆಸಿ ನೋಡಿದ್ಯಾ?"

"ನೋಡಿದೆ ಮೇಡಂ." ನೋಡಿರಲಿಲ್ಲ.

ಬಿಸಿನೀರಿನ ಲೋಟ ಹತ್ತಿರ ಹಿಡಿದಾಗ ಯಂತ್ರ ಕೂಗಿತು. ಅದನ್ನೇ ನಂಬಿ ಸಾದಲಿಯಲ್ಲಿ ಕೂರಿಸಿ ಬಂದೆವು.

ವಾರದಲ್ಲಿ ಮುನಿವೆಂಕಟಮ್ಮ ಬಂದರು. ಮಧ್ಯಾಹ್ನದ ಸೆಕೆಗೆ ಎರಡು ತಟ್ಟೆ ಹುಳು ಸತ್ತಿದ್ದವು; ಯಂತ್ರ ಸುಮ್ಮನಿತ್ತು. "ಅದು ಕೂಗ್ತದೆ ಅಂತ ನಾನು ತೋಟಕ್ಕೆ ಹೋಗಿದ್ನಲ್ಲಮ್ಮಾ!"

"ತಪ್ಪು ನಂದು ಕಣಮ್ಮ," ಎಂದರು ಮೇಡಂ.

ಮುನಿವೆಂಕಟಮ್ಮ ಹೋದ ಮೇಲೆ ಮೇಡಂ ನನ್ನನ್ನು ಪರದೆಯ ಮುಂದೆ ಕೂರಿಸಿ ಕೀಲಿ ಒತ್ತಿಸಿದರು. ಐದಾರು ಸಾಲಿಗೇ ತಪ್ಪು ಸಿಕ್ಕಿತು. ಇಪ್ಪತ್ತೆಂಟರ ಮುಂದೆ ಅಭ್ಯಾಸದಿಂದ 'ಹೆಚ್' ಸೇರಿಸಿದ್ದೆ. ಆ ಅಕ್ಷರವಿದ್ದರೆ ಚಿಪ್ ಅಂಕಿಯನ್ನು ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ ಓದುತ್ತದೆ; ಆಗ ಅದು ನಲವತ್ತಾಗುತ್ತದೆ. ನಲವತ್ತು ಡಿಗ್ರಿ ದಾಟುವವರೆಗೂ ಯಂತ್ರ ಕೂಗುವಂತಿರಲಿಲ್ಲ. ನಾನು ಅಳತೊಡಗಿದೆ.

"ತಪ್ಪು ಸೊನ್ನೆ ಅಂದ್ರೆ ಬರೆದಿದ್ದು ಕಂಪ್ಯೂಟರ್‌ಗೆ ಅರ್ಥ ಆಯ್ತು ಅಂತ. ನೀನು ಅಂದ್ಕೊಂಡಿದ್ದೇ ಬರೆದಿದ್ದೀಯ ಅಂತಲ್ಲ. ಏಳು, ಸಾದಲಿಗೆ ಹೋಗಣ."

ಅಲ್ಲಿ ನಾನೇ ನಿಜ ಹೇಳಿದೆ. ಮುನಿವೆಂಕಟಮ್ಮ ಬೈಯದೆ ನಮ್ಮನ್ನು ಹುಳುಮನೆಯೊಳಗೆ ಕರೆದೊಯ್ದರು. ಒದ್ದೆ ಗೋಣಿ ಕಟ್ಟಿದ ಮಬ್ಬು ಕೋಣೆಯಲ್ಲಿ, ಉಳಿದ ಹುಳುಗಳು ಸೊಪ್ಪು ಮೇಯುವ ಮೆಲ್ಲನೆಯ ಸರಸರ ಸದ್ದಿತ್ತು. ತಿದ್ದಿದ ಪ್ರೋಗ್ರಾಂ ತುಂಬಿದ ಹೊಸ ಚಿಪ್ ಕೂರಿಸಿದ ಮೇಲೆ ಮೇಡಂ ಶಾಖ ಅಳೆಯುವ ಸೆನ್ಸರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. ಮೈಯ ಬಿಸಿಗೇ ಯಂತ್ರ ಕೂಗಿತು.

"ಇಪ್ಪುಡು ಅರಿಚಿಂದಿ!" ಈಗ ಕೂಗಿತು ಎಂದು ಮುನಿವೆಂಕಟಮ್ಮ ತೆಲುಗಿನಲ್ಲಿ ಉದ್ಗರಿಸಿ ನಕ್ಕುಬಿಟ್ಟರು.

ವರ್ಷಗಳ ನಂತರ ಕೇಂದ್ರ ಮುಚ್ಚಿದ ಮೇಲೆ ಮೇಡಂ ಗೌರಿಬಿದನೂರಿನ ತಂಗಿಯ ಮನೆ ಸೇರಿದರು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ದೃಷ್ಟಿ ಮಂಜಾಗಿತ್ತು.

"ಈಗ ಏನ್ ಬರೀತಿದ್ದೀಯಮ್ಮ? ಹೇಳು, ಕೇಳ್ತೀನಿ."

ನೀರಿನ ಪಂಪಿಗೆಂದು ನಾನು ಬರೆಯುತ್ತಿದ್ದ ಪ್ರೋಗ್ರಾಮನ್ನು ಮೊದಲಿನಿಂದ ಒಂದೊಂದೇ ಸಾಲಾಗಿ ಹೇಳತೊಡಗಿದೆ. ಕಿಟಕಿಯ ಬಿಸಿಲು ಅವರ ಕಾಲ ಬಳಿ ಬಂದಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ತಂಗಿ ಬಾಗಿಲಿಂದ ಕೈಸನ್ನೆ ಮಾಡಿ ಸಾಕೆಂದರು. ನಾನು ದನಿ ತಗ್ಗಿಸಿ, ಉಳಿದ ಸಾಲುಗಳನ್ನೂ ಹೇಳಿ ಮುಗಿಸಿಯೇ ಎದ್ದೆ.