ಗೇಟಿನಾಚೆ ನಿಂತ ಬಳೆಗಾರ

ಬಳೆಗಾರ ಸಿದ್ದಣ್ಣ ಮೂಗು ಬಾಯಿಗೆ ಟವೆಲು ಸುತ್ತಿಕೊಂಡು ಗೇಟಿನಾಚೆಯೇ ನಿಂತುಬಿಟ್ಟ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ರಾಜಾಜಿನಗರದ ನಮ್ಮ ಬೀದಿಯಲ್ಲಿ ಮನೆಮನೆಗೂ ಫ್ಲೂ ಹರಡಿತ್ತು. ನಾನು ಏಳು ತಿಂಗಳ ಬಸುರಿ, ಅಂದು ಹಸಿರು ಬಳೆ ತೊಡಿಸುವ ಶಾಸ್ತ್ರ.

"ನಮ್ಮನೇಲಿ ಇಬ್ಬರಿಗೆ ಜ್ವರ ಕಣಮ್ಮ, ಬಸುರಿ ಕೈ ನಾನು ಮುಟ್ಟಲ್ಲ. ಬಳೆ ಬಿಸಿನೀರಲ್ಲಿ ತೊಳೆದು ನೀವೇ ತೊಡಿಸಿ, ಇಲ್ಲಿಂದಲೇ ಹೇಳ್ಕೊಡ್ತೀನಿ," ಎಂದ ನಮ್ಮ ಅತ್ತೆಗೆ.

ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ಒಮ್ಮೆಯೂ ನನ್ನ ಕೈ ಹಿಡಿದವರಲ್ಲ. ಗೊಣಗುತ್ತಲೇ ಜಗಲಿಯಲ್ಲಿ ಕೂತು ನನ್ನ ಅಂಗೈ ಮಡಿಸಿ ಸೋಪು ಸವರಿದರು. ಹೆಬ್ಬೆರಳು ಹೇಗೆ ಒತ್ತಬೇಕೆಂದು ಸಿದ್ದಣ್ಣ ಬೀದಿಯಿಂದ ಕೂಗುತ್ತಿದ್ದರೆ ಎದುರುಮನೆಯವರೆಲ್ಲ ಕಿಟಕಿಯಲ್ಲಿ ನಗುತ್ತಿದ್ದರು. ಮೂರು ಬಳೆ ಚೂರಾದವು. ಅಪಶಕುನವೆಂದು ಅತ್ತೆ ಸಿಡುಕುತ್ತಾರೆ ಎಂದುಕೊಂಡೆ. ಅವರು ಗಾಜು ಚುಚ್ಚಿದೆಯೇ ಎಂದು ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿ, "ನೋವಾಯ್ತೇನೇ?" ಎಂದರು.

ಫ್ಲೂ ನಮ್ಮ ಮನೆಯೊಳಗೆ ಬರಲಿಲ್ಲ, ಮಗಳು ಸುಖವಾಗಿ ಹುಟ್ಟಿದಳು. ಮುಂದಿನ ಹಬ್ಬಕ್ಕೆ ಸಿದ್ದಣ್ಣ ಗಟ್ಟಿಮುಟ್ಟಾಗಿ ಬಂದು ಜಗಲಿಯಲ್ಲಿ ಕೂತು ನನ್ನ ಕೈಗೆ ಕೈಚಾಚಿದ. ಅತ್ತೆ ಬಳೆಗಳನ್ನು ಅವನಿಂದ ಇಸಕೊಂಡು, "ನೀನು ಸುಮ್ನೆ ಕೂತ್ಕೋ, ನಾನೇ ತೊಡಿಸ್ತೀನಿ," ಎಂದರು.