ಫೋನಿನಲ್ಲಿ ಇರದ ಮುಖ

ಊರಿನವರ ಜುಟ್ಟೆಲ್ಲ ಕತ್ತರಿಯಣ್ಣನ ಕೈಯಲ್ಲಿ ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಮಾತು ಸುಳ್ಳೇನಲ್ಲ. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಕಾಯುವವರಿಗೊಂದು ಬೆಂಚು ಇದ್ದ ಆ ಕ್ಷೌರದಂಗಡಿಯಲ್ಲಿ ಯಾರ ತಲೆಗೆ ಎಷ್ಟು ಸುಳಿ, ಯಾರ ಹಿಂದಲೆಯಲ್ಲಿ ಯಾವ ಗಾಯದ ಕಲೆ ಎಂಬುದು ಅವನ ಬೆರಳಿಗೆ ಬಾಯಿಪಾಠ. ಹೆಂಡತಿ ಇದ್ದಷ್ಟು ಕಾಲ ಅಂಗಡಿಯ ಟವೆಲುಗಳನ್ನೆಲ್ಲ ಅವಳೇ ಒಗೆದು, ಮಾಳಿಗೆಯ ಮೇಲೆ ಒಣಹಾಕಿ, ಮಡಿಚಿ ತಂದಿಡುತ್ತಿದ್ದಳು. ಅವಳು ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಫೋನಿನೊಳಗಿನ ಫೋಟೋಗಳು. ಹೆಗಲ ತುಂಬ ಟವೆಲು ಹೊತ್ತವಳು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡವಳು, ತೆಗೆಯಬೇಡಿ ಅಂದೆನಲ್ಲ ಎಂದು ಗದರುತ್ತ ಅಂಗೈ ಅಡ್ಡ ಹಿಡಿದವಳು. ಒಬ್ಬ ಗಿರಾಕಿ ಎದ್ದು ಹೋದಾಗ ಒಂದನ್ನು ನೋಡಿ, ಫೋನನ್ನು ಜೇಬಿಗಿಳಿಸಿ, ಮುಂದಿನವನನ್ನು ಕರೆಯುತ್ತಿದ್ದ.

ಆ ಫೋನು ಒಂದು ದಿನ ಮುಷ್ಕರ ಹೂಡಿತು. ಕತ್ತರಿಯಣ್ಣ ಅದನ್ನು ಒಯ್ದದ್ದು ಬೇರೆ ಯಾರ ಹತ್ತಿರವೂ ಅಲ್ಲ, ಹೆಂಡತಿಯ ತಮ್ಮನ ಹತ್ತಿರ. ಭಾಮೈದನದು ಅದೇ ಬೀದಿಯ ತುದಿಯಲ್ಲಿ ಮೊಬೈಲ್ ಅಂಗಡಿ. ಕತ್ತರಿಯಣ್ಣ ಊಟ ಮುಗಿಸಿ ಬರುವಷ್ಟರಲ್ಲಿ ಸರಿಮಾಡಿಟ್ಟಿದ್ದ. ಫೋನು ಕುದುರೆಯ ಹಾಗೆ ಓಡುತ್ತಿತ್ತು. ಒಳಗೆ ಮಾತ್ರ ಏನೂ ಇರಲಿಲ್ಲ. ಖಾಲಿಮಾಡಿ ಗುಡಿಸಿಟ್ಟ ಬಾಡಿಗೆ ಮನೆ.

ಫೋಟೋ ಎಲ್ಲಿ ಎಂದು ಕೇಳಿದ್ದಕ್ಕೆ, ಎಲ್ಲ ಅಳಿಸದೆ ಬೇರೆ ದಾರಿಯೇ ಇರಲಿಲ್ಲ, ಇನ್ನೊಂದು ಕಡೆ ಪ್ರತಿ ಇಟ್ಟುಕೊಳ್ಳುವ ಬುದ್ಧಿ ನಿಮಗಿರಬೇಕಿತ್ತು ಎಂದು ಭಾಮೈದ ತಿರುಗಿ ಬೋಧಿಸಿದ. ಆಮೇಲೆ ಇನ್ಯಾರದೋ ಫೋನಿಗೆ ಗಾಜು ಅಂಟಿಸುತ್ತ, ತಲೆಯನ್ನೂ ಎತ್ತದೆ ಅಂದ: "ಬರೀ ಫೋಟೋ ತಾನೇ ಭಾವ, ಹೋಗ್ಲಿ ಬಿಡಿ."

ಅಳಿಸಿದ್ದನ್ನು ಕತ್ತರಿಯಣ್ಣ ಮನ್ನಿಸುತ್ತಿದ್ದನೋ ಏನೋ. ಆ ಮಾತನ್ನು ಮನ್ನಿಸಲಿಲ್ಲ. ಹೋದವಳು ಇವನ ಒಡಹುಟ್ಟಿದವಳಲ್ಲವೇ?

ನಿಜವಾದ ಹಿಂಸೆ ಶುರುವಾದದ್ದು ಆಮೇಲೆ. ಅವಳ ಮುಖ ಜಾರತೊಡಗಿತು. ನೆನೆಸಿಕೊಂಡರೆ ಮೂಗು ಬರುತ್ತಿತ್ತು, ಕಣ್ಣು ಬರುತ್ತಿರಲಿಲ್ಲ. ಕಣ್ಣು ಬಂದರೆ ಗಲ್ಲ ಯಾರದೋ. ಮದುವೆಯ ಫೋಟೋದಲ್ಲಿದ್ದವಳು ಪೌಡರು ಮೆತ್ತಿಕೊಂಡ ಹುಡುಗಿ. ಗುರುತಿನ ಚೀಟಿಯಲ್ಲಿದ್ದವಳು ಯಾರ ಹೆಂಡತಿಯಾದರೂ ಆಗಬಹುದಿತ್ತು. ಜೊತೆಗೆ ಬಾಳಿದವಳ ಮುಖವೇ ಇಲ್ಲ. ಮುಖ ಮರೆತಷ್ಟೂ ಸಿಟ್ಟು ಬಲಿಯಿತು. ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತ ಹಲ್ಲನ್ನೂ ಮಸೆದ. ಕಾದ. ಕೂದಲು ಬೆಳೆದೇ ಬೆಳೆಯುತ್ತದೆ, ಬೆಳೆಸಿದವನು ಬಂದೇ ಬರುತ್ತಾನೆ.

ಬಂದ. ಭಾಮೈದ ಎರಡನೆಯ ಅಂಗಡಿ ತೆರೆಯುವವನಿದ್ದ. ಬೋರ್ಡಿನ ಮೇಲೆ ತನ್ನ ಮುಖವನ್ನೇ ಆಳೆತ್ತರಕ್ಕೆ ಹಾಕಿಸಲು ಸಂಜೆಗೆ ಫೋಟೋದವನನ್ನು ಗೊತ್ತುಮಾಡಿದ್ದ. ಭಾಮೈದನ ನಡುನೆತ್ತಿ ಬರಿದಾಗಿ ಬಹಳ ಕಾಲವಾಗಿತ್ತು. ಎಡಗಿವಿಯ ಮೇಲಿನ ಕೂದಲನ್ನು ಬಲಗಿವಿಯ ತನಕ ಎಳೆದು, ಗಾಳಿ ಬಂದರೂ ಏಳದಂತೆ ಮಲಗಿಸುವ ವಿದ್ಯೆ ಭಾವನೊಬ್ಬನಿಗೇ ಗೊತ್ತು.

"ಫೋಟೋದಲ್ಲಿ ತಲೆ ತುಂಬಾ ಕೂದಲು ಕಾಣ್ಬೇಕು ಭಾವ," ಎಂದು ಬಟ್ಟೆ ಹೊದಿಸಿಕೊಂಡು ಕಣ್ಣು ಮುಚ್ಚಿದ.

ಕತ್ತರಿಯಣ್ಣ ಮೊದಲು ತಲೆ ತಿಕ್ಕಿದ, ಭಾಮೈದ ತೂಕಡಿಸುವ ತನಕ. ಆಮೇಲೆ ಮಷೀನು ಹಚ್ಚಿ, ಎಡಗಿವಿಯಿಂದ ಮೇಲಕ್ಕೆ ಒಂದೇ ಎಳೆತಕ್ಕೆ ದಾರಿ ತೆಗೆದ. ಮಡಿಲಿಗೆ ಬಿದ್ದ ಉದ್ದನೆಯ ಎಳೆಗಳನ್ನು ಕಂಡು ಭಾಮೈದ ಬೆಚ್ಚಿ ಎದ್ದು, ಇದೇನು ಕೇಡು ಮಾಡಿದಿರಿ ಎಂದು ಕೂಗಾಡಿದ.

"ಬರೀ ಕೂದಲು ತಾನೇ," ಎಂದ ಕತ್ತರಿಯಣ್ಣ. "ಇದಾದ್ರೆ ಮತ್ತೆ ಬೆಳೆಯುತ್ತೆ."

ಬೆಂಚಿನ ಮೇಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಪತ್ರಿಕೆಯಿಂದ ಮುಖ ಈಚೆಗೆ ತೆಗೆದ. "ಪೂರ್ತಿ ಮಾಡಿಸ್ಕೊಂಡೇ ಹೋಗಪ್ಪ. ಅರ್ಧ ನೋಡೋಕಾಗ್ತಿಲ್ಲ."

ಅರ್ಧ ತಲೆ ಹೊತ್ತು ಬೀದಿಗಿಳಿಯುವಂತಿಲ್ಲ. ಭಾಮೈದ ತುಟಿ ಕಚ್ಚಿ ಕೂತ. ಕತ್ತರಿಯಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನೊರೆ ಹಚ್ಚಿ, ಅವಸರವಿಲ್ಲದೆ ಕತ್ತಿ ಎಳೆದು, ಒದ್ದೆ ಟವೆಲಿನಿಂದ ಒರೆಸಿ, ಇನ್ನು ಇವನ ಅವಮಾನವನ್ನು ಕಣ್ತುಂಬ ನೋಡೋಣವೆಂದು ಕನ್ನಡಿಗೆ ಕಣ್ಣೆತ್ತಿದ.

ಕನ್ನಡಿಯಲ್ಲಿ ಅವಳು ಕೂತಿದ್ದಳು.

ಅದೇ ಚಾಚಿದ ಕಿವಿ, ಅದೇ ಅಗಲ ಹಣೆ, ಅಳು ನುಂಗುವಾಗ ಒಳಸರಿಯುವ ಅದೇ ಕೆಳತುಟಿ. ಕಾಯಿಲೆಯ ಕೊನೆಯಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿದಾಗ, ಅಂಗಡಿಯ ಬಾಗಿಲು ಹಾಕಿ, ಇದೇ ಕುರ್ಚಿಯಲ್ಲಿ ಕೂರಿಸಿ ತಾನೇ ಬೋಳಿಸಿದ್ದ. ಆ ಮುಖದ ಫೋಟೋ ತೆಗೆಯಗೊಟ್ಟಿರಲಿಲ್ಲ ಅವಳು. ಅದು ಯಾವ ಫೋನಿನಲ್ಲೂ ಇರಲಿಲ್ಲ, ಯಾರೂ ಅಳಿಸುವಂತೆಯೂ ಇರಲಿಲ್ಲ. ಅದೊಂದು ಬಂದದ್ದೇ ತಡ, ಉಳಿದದ್ದೆಲ್ಲ ಅದರ ಸೆರಗು ಹಿಡಿದು ಬಂತು: ಕಣ್ಣು, ಗಲ್ಲ, ಗದರುವ ಬಾಯಿ.

ಭಾಮೈದ ತಲೆ ತಗ್ಗಿಸಿದ್ದ. ಅಕ್ಕ ನರಳಿದಷ್ಟು ದಿನವೂ, ಒಂದೇ ಬೀದಿಯಲ್ಲಿದ್ದೂ, ಆ ಸ್ಥಿತಿಯಲ್ಲಿ ನೋಡಲು ನನ್ನ ಕೈಲಾಗುವುದಿಲ್ಲವೆಂದು ಹೊಸ್ತಿಲು ತುಳಿಯದವನು ಅವನು. ಕತ್ತರಿಯಣ್ಣ ಅವನ ಗಲ್ಲ ಹಿಡಿದೆತ್ತಿದ.

"ಕಣ್ಣು ಮುಚ್ಬೇಡ. ನೋಡು."

ಬಹಳ ಹೊತ್ತು ನೋಡಿದ. "ಅಕ್ಕ ಹಿಂಗೇ ಇದ್ಲಾ ಭಾವ?"

"ಇನ್ನೂ ಸೊರಗಿದ್ಲು. ನಿನ್ನ ಥರಾನೇ ಕಾಣ್ತೀನಿ ಅಂತ ನಕ್ಳು. ತಮ್ಮ ಬಂದ್ರೆ ತೋರಿಸ್ಬೇಕು ಅಂತ ಬಾಗಿಲು ನೋಡ್ತಿದ್ಲು."

ಬಟ್ಟೆಯ ಕೆಳಗೆ ಭಾಮೈದನ ಕೈ ಫೋನು ಹುಡುಕುತ್ತ ಜೇಬಿಗೆ ಹೋಯಿತು. ಕತ್ತರಿಯಣ್ಣ ಮಣಿಕಟ್ಟು ಹಿಡಿದು ನಿಲ್ಲಿಸಿದ.

"ಫೋಟೋ ಬೇಡ. ಇಲ್ಲೇ ಕೂತು ನೋಡು."

ಮನ್ನಿಸಿದನೆಂದು ತಿಳಿಯಬೇಡಿ. ಇವತ್ತಿಗೆ ತನ್ನ ಸರದಿ ಬರುವುದಿಲ್ಲವೆಂದು ಪೋಸ್ಟ್‌ಮ್ಯಾನ್ ಪತ್ರಿಕೆ ಮಡಿಚಿಟ್ಟು ಹೊರಟ. ಒಂದು ಎಳೆಯೂ ಉಳಿದಿರದ ಆ ತಲೆಗೆ ಕತ್ತರಿಯಣ್ಣ ಮತ್ತೆ ನೊರೆ ಹಚ್ಚಿದ, ಮತ್ತೆ ಕತ್ತಿ ಹಿಡಿದ, ಮೆಲ್ಲಗೆ, ಇನ್ನೂ ಮೆಲ್ಲಗೆ, ಕನ್ನಡಿಯಿಂದ ಕಣ್ಣು ಕೀಳದೆ.